ಬಸವ ಮೇದ ಕಲ್ಲು

ಕೊರೊನಾ ಹಾವಳಿ ತಣ್ಣಗಾಗಿ ಒಂದು ವರ್ಷವಾಗಿತ್ತು. ನಾನಾಗ ಕೊಳ್ಳೇಗಾಲ ತಾಲ್ಲೂಕಿನ ಹೊಳೆಬದಿಯ ಪಶು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಅದಕ್ಕೆ ಮೊದಲು ಮಾರ್ಟಳ್ಳಿ ಕಡೆ ಆರು ವರ್ಷ, ನನ್ನ ಹುಟ್ಟೂರಿನ ಸೀಮೆಯಾದ ಯಳಂದೂರಿನಲ್ಲಿ ನಾಲ್ಕು ವರ್ಷ, ಅಲ್ಲಿ ಇಲ್ಲಿ ಇನ್ನಷ್ಟು ವರ್ಷ ದನ, ಕುರಿ, ಕೋಳಿಗಳಿಗೆ ಮದ್ದು ಮಾಡಿದ್ದೆ. ಕೆಲಸ ಗೊತ್ತಿತ್ತು. ಕೆಲಸ ಗೊತ್ತಿದೆ ಎಂಬ ಗರ್ವವೂ ಇತ್ತು. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಬರೆಯಲು ಹೊರಟಿರುವ ಪ್ರಕರಣದಲ್ಲಿ ಹದಿನೇಳು ಕುರಿಗಳು ಸತ್ತವು. ಅವು ರೋಗದಿಂದ ಸತ್ತವು ಎಂದು ರಿಜಿಸ್ಟರಿನಲ್ಲಿದೆ. ನನ್ನಿಂದ ಸತ್ತವು ಎಂದು ಅಲ್ಲಿ ಬರೆದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ. ಸತ್ತೇಗಾಲದಿಂದ ಬೈಕಿನಲ್ಲಿ ಕಾಲು ಗಂಟೆಯ ದಾರಿ. ಒಂದು ಕಡೆ ಕಬ್ಬು, ತೆಂಗು, ಭತ್ತದ ಗದ್ದೆ. ಇನ್ನೊಂದು ಕಡೆ ಕಾವೇರಿ. ಅಲ್ಲಿ ಹೊಳೆ ಮಣ್ಣಿನ ಮೇಲೆ ಹರಿಯುವುದಿಲ್ಲ, ಬಂಡೆಗಳ ಮೇಲೆ ಹರಿಯುತ್ತದೆ. ಮಳೆಗಾಲದಲ್ಲಿ ಒಂದು ಬಂಡೆಯೂ ಕಾಣುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ನೀರು ಇಳಿದು ಫರ್ಲಾಂಗುಗಟ್ಟಲೆ ಕಲ್ಲುಹಾಸು ಬಯಲಾಗುತ್ತದೆ. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಸಣ್ಣ ಸಣ್ಣ ಗುಂಡಿಗಳಾಗುತ್ತವೆ. ಗುಂಡಿಗಳ ಅಂಚಿನ ಸಂದುಗಳಲ್ಲಿ ಗರಿಕೆ ಚಿಗುರುತ್ತದೆ. ಊರೆಲ್ಲ ಒಣಗಿದ್ದಾಗಲೂ ಆ ಗರಿಕೆ ಹಸಿರಾಗಿರುತ್ತದೆ.

ಆ ಊರಿನಲ್ಲಿ ಶಿವಮ್ಮ ಎಂಬ ಹೆಣ್ಣುಮಗಳು ಕುರಿ ಸಾಕಿದ್ದಳು. ಮದುವೆಯಾಗಿ ಬರುವಾಗ ತವರಿನವರು ಎರಡು ಹೆಣ್ಣುಮರಿ ಕೊಟ್ಟು ಕಳಿಸಿದ್ದರಂತೆ. ಹನ್ನೊಂದು ವರ್ಷದಲ್ಲಿ ಅವು ನಲವತ್ತೊಂದಾಗಿದ್ದವು. ಗಂಡ ಕುಮಾರ ಕೊಳ್ಳೇಗಾಲದಲ್ಲಿ ಗೂಡ್ಸ್ ಆಟೊ ಓಡಿಸುತ್ತಿದ್ದ. ಹೊಲ, ಮನೆ, ಕೊಟ್ಟಿಗೆ ಎಲ್ಲವೂ ಗಂಡನ ಕಡೆಯದು. ಕುರಿ ಮಾತ್ರ ತನ್ನದು ಎಂಬ ಹೆಮ್ಮೆ ಆಕೆಯ ನಡಿಗೆಯಲ್ಲೇ ಕಾಣುತ್ತಿತ್ತು. ಪ್ರತಿ ಕುರಿಗೂ ಒಂದೊಂದು ಹೆಸರು. ಲಸಿಕೆ ಹಾಕಲು ಹೋದರೆ, "ಸಾ, ರಾಣಿಗೆ ಮೆಲ್ಲಗ್ ಚುಚ್ಚಿ, ಅವ್ಳು ಗಬ್ಬ" ಎನ್ನುತ್ತಿದ್ದಳು. ಮನೆಯಲ್ಲಿ ಅತ್ತೆ ಪುಟ್ಟಮಾದಮ್ಮ ಇದ್ದರು. ಎಂಬತ್ತರ ಆಸುಪಾಸು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾದಪ್ಪನ ಹೆಸರು. ಬೆನ್ನು ಬಾಗಿದ್ದರೂ ಪ್ರತಿ ಸೋಮವಾರ ನಸುಕಿನಲ್ಲೇ ಹೊಳೆಗೆ ಹೋಗಿ ಮಿಂದು ಬರುವುದನ್ನು ತಪ್ಪಿಸಿರಲಿಲ್ಲ.

ಹಿಂದಿನ ವರ್ಷ ಆ ಮಂದೆಯ ಎರಡು ಕುರಿಗಳಿಗೆ ಗದ್ದದ ಕೆಳಗೆ ನೀರಿನ ಚೀಲ ತೂಗಿದ ಹಾಗೆ ಊತ ಬಂದಿತ್ತು. ಪರೀಕ್ಷೆ ಮಾಡಿದಾಗ ಲಿವರ್ ಫ್ಲೂಕ್ ಎಂದು ಗೊತ್ತಾಯಿತು. ಇದೊಂದು ಚಪ್ಪಟೆ ಹುಳು, ಎಲೆಯ ಆಕಾರ. ದನ, ಎಮ್ಮೆ, ಕುರಿಗಳ ಪಿತ್ತಜನಕಾಂಗದಲ್ಲಿ ವಾಸ. ಇದರ ಮೊಟ್ಟೆ ಸಗಣಿಯ ಜೊತೆ ಹೊರಬಿದ್ದು ನೀರು ಸೇರುತ್ತದೆ. ಮೊಟ್ಟೆಯೊಡೆದ ಮರಿ ನೀರಿನಲ್ಲಿರುವ ಒಂದು ಜಾತಿಯ ಸಣ್ಣ ಬಸವನಹುಳುವಿನ ಮೈ ಹೊಕ್ಕು, ಅಲ್ಲಿ ಒಂದು ನೂರಾಗಿ, ಬಾಲ ಬೆಳೆಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ನೀರಿನಂಚಿನ ಹುಲ್ಲಿಗೆ ಅಂಟಿ, ಬಾಲ ಕಳಚಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಯಾಗಿ ಕೂರುತ್ತದೆ. ಆ ಹುಲ್ಲನ್ನು ತಿಂದ ಕುರಿಗೆ ರೋಗ. ಅಂದರೆ ಬಸವನಹುಳು ಇಲ್ಲದ ಕಡೆ ಈ ರೋಗವಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ, ಸಭೆಗಳಲ್ಲಿ ರೈತರಿಗೆ ಚಿತ್ರ ಬಿಡಿಸಿ ಹೇಳಿಯೂ ಇದ್ದೆ. ಅದು ಕೆರೆಯ ಕೆಸರಿನಲ್ಲಿ ಇರುತ್ತದೆ ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ಏನು ತಿಂದು ಬದುಕುತ್ತದೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಆ ವರ್ಷ ಸಂಕ್ರಾಂತಿಯ ಮರುದಿನ ಶಿವಮ್ಮನ ಮನೆಗೆ ಹೋಗಿದ್ದೆ. ಕೆರೆ ಬತ್ತುತ್ತಿದೆ, ಅಂಗಳದಲ್ಲಿ ಹುಲ್ಲು ಬಂದಿದೆ, ಬಿಡಲೇ ಎಂದು ಕೇಳಿದಳು. ಕೆರೆ ಕಡೆ ತಲೆ ಹಾಕಬೇಡ, ಹೊಳೆ ಬಂಡೆಗಳ ಮೇಲೆ ಬಿಡು ಎಂದೆ. ಅಲ್ಲಿ ಕೆಸರಿಲ್ಲ, ಹುಳುವಿಗೆ ಜಾಗವಿಲ್ಲ.

"ಅಲ್ಲಿ ನತ್ತೆ ಇದ್ದಾವಾ?" ಎಂದೂ ಕೇಳಿದೆ. ಮಾರ್ಟಳ್ಳಿ ಕಡೆ ತಮಿಳು ಮಾತಿನವರ ನಡುವೆ ಆರು ವರ್ಷ ಇದ್ದು, ಆ ಚಿಪ್ಪಿನ ಹುಳುವಿಗೆ ನತ್ತೆ ಎನ್ನುವುದು ನನ್ನ ನಾಲಿಗೆಗೆ ಹತ್ತಿಬಿಟ್ಟಿತ್ತು.

"ಒಳೇಲಿ ಎಲ್ ಬಂದವು ಸಾ? ನತ್ತೆ ಗದ್ದೇಲಿ ಇರ್ತವೆ" ಎಂದಳು ಶಿವಮ್ಮ. ಆಕೆಗೆ ನತ್ತೆ ಎಂದರೆ ಗದ್ದೆಯಲ್ಲಿ ಸಿಗುವ ನಿಂಬೆಹಣ್ಣಿನ ಗಾತ್ರದ್ದು. ನಾನು ಕೇಳಿದ್ದು ಕಡಲೆಬೀಜದ ಗಾತ್ರದ್ದನ್ನು. ಅದು ನನಗೆ ಆಮೇಲೆ ತಿಳಿಯಿತು.

ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಪುಟ್ಟಮಾದಮ್ಮ ಕುಟ್ಟುವುದನ್ನು ನಿಲ್ಲಿಸಿದರು.

"ಬಂಡೆ ಮ್ಯಾಕೆ ಬ್ಯಾಡ ಕಣಪ್ಪಾ. ಅದು ಬಸವ ಮೇಯೋ ಜಾಗ. ಬಸವ ಮೇದ್ ಕಲ್ತಾವ ಕುರಿ ಬುಡಬಾರ್ದು ಅಂತ ನಮ್ಮತ್ತೆ ಯೋಳೋರು."

ಆ ಊರಿನಲ್ಲಿ ದೇವರಿಗೆ ಬಿಟ್ಟ ಬಸವ ಒಂದಿತ್ತು. ಕೆಂಪು ಮೈ, ಕೊಂಬಿನ ತುದಿಗೆ ಹಿತ್ತಾಳೆ ಕಳಸ. ಯಾರ ಹೊಲಕ್ಕೆ ನುಗ್ಗಿದರೂ ಒಂದು ಏಟು ಹೊಡೆಯುವವರಿಲ್ಲ, ಕೈಮುಗಿದು ಆಚೆ ಅಟ್ಟುತ್ತಿದ್ದರು. ಅದಕ್ಕೆ ಮೀಸಲಾದ ಜಾಗ, ಅಲ್ಲಿ ಕುರಿ ಮೇಯಿಸಿದರೆ ಮೈಲಿಗೆ, ಅಷ್ಟೇ ತಾನೇ ಎಂದುಕೊಂಡೆ. ನಕ್ಕುಬಿಟ್ಟೆ.

"ಅಜ್ಜೀ, ನಿಮ್ಮ ಬಸವ ಒಬ್ಬನೇ ಎಷ್ಟು ತಿಂತಾನೆ? ಕುರಿಗೂ ಒಂದಿಷ್ಟು ಉಳಿಸಲಿ ಬಿಡಿ."

"ನಗಬ್ಯಾಡ ಕಣಪ್ಪಾ, ನಗೋ ಮಾತಲ್ಲ ಇದು" ಎಂದರು.

ಶಿವಮ್ಮ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ನನಗೆ ರೇಗಿತು. "ಡಾಕ್ಟರು ಯಾರಮ್ಮಾ, ನಾನಾ ನಿಮ್ಮತ್ತೆನಾ?" ಎಂದೆ. ಆಕೆ ತಲೆ ತಗ್ಗಿಸಿ, "ನೀವೇ ಸಾ" ಎಂದಳು.

ನನ್ನ ಕರ್ತವ್ಯದಲ್ಲಿ ಲೋಪವಾಗಬಾರದು ಎಂದು ಅಂದೇ ಬಂಡೆಗಳನ್ನು ನೋಡಲೂ ಹೋದೆ. ಮಧ್ಯಾಹ್ನ ಒಂದು ಗಂಟೆ. ಬರಿಗಾಲು ಇಡಲಾಗದಷ್ಟು ಕಲ್ಲು ಕಾದಿತ್ತು. ಗುಂಡಿಗಳ ನೀರು ತಿಳಿಯಾಗಿತ್ತು, ಕಲ್ಲಿನ ಮೇಲೆ ತೆಳ್ಳಗೆ ಹಸಿರು ಪಾಚಿ. ಒಂದು ಹುಳುವೂ ಕಾಣಲಿಲ್ಲ. ಹತ್ತು ನಿಮಿಷ ನೋಡಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು ವಾಪಸು ಬಂದೆ. ಮಾರನೆಯ ದಿನದಿಂದ ನಲವತ್ತೊಂದು ಕುರಿಗಳೂ ಹೊಳೆ ಬಂಡೆಯಲ್ಲಿ ಮೇಯತೊಡಗಿದವು.

ಶಿವರಾತ್ರಿಯ ಹಿಂದಿನ ದಿನ ಒಂದು ಕುರಿ ಸತ್ತಿತು. ಚೆನ್ನಾಗಿಯೇ ಇದ್ದದ್ದು ಬೆಳಿಗ್ಗೆ ಎದ್ದು ನೋಡಿದರೆ ಕಾಲು ಚಾಚಿತ್ತು. ಹಬ್ಬದ ದಿನ ಇನ್ನೊಂದು. ಹಬ್ಬ ಕಳೆದು ಶಿವಮ್ಮ ಫೋನು ಮಾಡಿದಾಗ ನಾನು ಹನೂರಿನಲ್ಲಿ ಒಂದು ಸಭೆಯಲ್ಲಿದ್ದೆ. ಹಸಿ ಮೇವು ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿರಬೇಕು ಎಂದು ಫೋನಿನಲ್ಲೇ ತೀರ್ಮಾನ ಕೊಟ್ಟು, ನಮ್ಮ ಪಶುವೈದ್ಯ ಪರೀಕ್ಷಕ ನಂಜುಂಡಯ್ಯನವರನ್ನು ಕಳಿಸಿದೆ. ಅವರು ಹಿಕ್ಕೆ ತಂದರು. ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಫ್ಲೂಕಿನ ಮೊಟ್ಟೆ ಒಂದೂ ಇರಲಿಲ್ಲ. ರಿಜಿಸ್ಟರಿನಲ್ಲಿ "ನೆಗೆಟಿವ್" ಎಂದು ಬರೆದೆ. ಇಲ್ಲೊಂದು ಮಾತು ಹೇಳಬೇಕು. ಹುಳು ಬಲಿತು ಮೊಟ್ಟೆ ಇಡಲು ಮೂರು ತಿಂಗಳಾದರೂ ಬೇಕು. ಅದಕ್ಕೂ ಮೊದಲೇ, ಮರಿಹುಳುಗಳು ನೂರುಗಟ್ಟಲೆ ಒಟ್ಟಿಗೆ ಪಿತ್ತಜನಕಾಂಗವನ್ನು ಕೊರೆಯುವಾಗಲೇ ಕುರಿ ಸಾಯಬಹುದು. ಆಗ ಹಿಕ್ಕೆಯಲ್ಲಿ ಮೊಟ್ಟೆ ಸಿಗುವುದಿಲ್ಲ. ಇದೂ ನನಗೆ ಗೊತ್ತಿದ್ದ ವಿಷಯವೇ. ಬಂಡೆಯ ಮೇಲೆ ಹುಳುವಿಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದವನಿಗೆ ಅದು ನೆನಪಿಗೆ ಬರಲಿಲ್ಲ.

ಏಳನೆಯ ಕುರಿ ಸತ್ತ ದಿನ, ಅದೊಂದು ಶನಿವಾರ, ಕೊನೆಗೂ ನಾನೇ ಹೋದೆ. ಕುರಿಯನ್ನು ಮನೆಯ ಹಿಂದಿನ ಹುಣಿಸೆಮರದ ಕೆಳಗೆ ಹಾಕಿಸಿ ಶವಪರೀಕ್ಷೆ ಮಾಡಿದೆ. ಹೊಟ್ಟೆ ಕೊಯ್ದ ಕೂಡಲೇ ರಕ್ತ ಬೆರೆತ ನೀರು ಹರಿಯಿತು. ಲಿವರ್ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಹಿಂಡಿದಾಗ ಅಕ್ಕಿಕಾಳಿಗಿಂತ ಸಣ್ಣ ಚಪ್ಪಟೆ ಹುಳುಗಳು ಬೆರಳ ಸಂದಿನಿಂದ ಉಕ್ಕಿದವು. ಸುತ್ತ ಊರಿನ ಹತ್ತು ಹದಿನೈದು ಜನ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಒಂದೇ ಕಾರಣ ಇರಲು ಸಾಧ್ಯ.

"ಕೆರೆಗೆ ಬಿಟ್ಟಿದ್ದೀಯ" ಎಂದು ಶಿವಮ್ಮನ ಮೇಲೆ ಹರಿಹಾಯ್ದೆ. "ನಾನು ಬಡಕೊಂಡರೂ ಕೆರೆಗೇ ಬಿಟ್ಟಿದ್ದೀಯ. ಈಗ ಸುಳ್ಳು ಹೇಳಬೇಡ."

ಆಕೆ ಸತ್ತ ಕುರಿಯ ತಲೆಯ ಹತ್ತಿರ ಕೂತಿದ್ದಳು. ಅದೇ ರಾಣಿ. ಹೊಟ್ಟೆಯಲ್ಲಿ ಎರಡು ಮರಿ ಇದ್ದವು.

"ಮಾದಪ್ಪನಾಣೆ ಸಾ, ನೀವ್ ಯೋಳಿದ್ ಜಾಗ ಬುಟ್ಟು ಬ್ಯಾರೆ ಕಡೀಕೆ ಒಂದ್ ದಿನನೂ ಅಟ್ಟಿಲ್ಲ" ಎಂದಳು. ಅಳುತ್ತಿರಲಿಲ್ಲ. ಅಷ್ಟು ಜನರ ಮುಂದೆ ಸುಳ್ಳುಗಾತಿ ಅನ್ನಿಸಿಕೊಂಡ ಅವಮಾನದಲ್ಲಿ ಆಕೆಯ ಮುಖ ಕಪ್ಪಿಟ್ಟಿತ್ತು.

ಗುಂಪಿನಲ್ಲಿ ಯಾರೋ, "ಅತ್ತೆ ಮಾತ್ ಮೀರಿ ಬಸವನ ಜಾಗಕ್ ಬುಟ್ಲು, ಶಿವರಾತ್ರೀಲೇ ತೋರುಸ್ದ ನೋಡು" ಎಂದರು. ಪುಟ್ಟಮಾದಮ್ಮ ಗೋಡೆಗೆ ಒರಗಿ ನಿಂತಿದ್ದರು, ಅಷ್ಟೆ.

ಮರಿಹುಳುವನ್ನೂ ಕೊಲ್ಲುವ ಔಷಧ ಟ್ರೈಕ್ಲಾಬೆಂಡಜೋಲ್. ಅದು ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ. ಮೈಸೂರಿನಿಂದ ಮಂಗಳವಾರ ಬರುತ್ತದೆ ಎಂದಾಯಿತು. ಭಾನುವಾರ ಸಂಜೆ ನಂಜುಂಡಯ್ಯ ಸುದ್ದಿ ತಂದರು. ಇನ್ನೂ ನಾಲ್ಕು ಕುರಿ ಹೋಗಿವೆ. ಉಳಿದದ್ದನ್ನೆಲ್ಲ ಶಿವಮ್ಮ ಬುಧವಾರ ವ್ಯಾಪಾರಿಗೆ ಕೊಟ್ಟುಬಿಡುತ್ತಾಳಂತೆ. ನಾನು ಫೋನು ಮಾಡಿದೆ.

"ಇದ್ದ ಬದ್ದವ್ನೆಲ್ಲ ಕೊಟ್ಬುಡ್ತೀನಿ ಸಾ. ನನ್ ಕೈಗುಣನೇ ಸರಿ ಇಲ್ಲ. ಅತ್ತೆ ಮಾತ್ ಕೇಳ್ನಿಲ್ಲ, ನಿಮ್ ಮಾತೂ ಕೇಳ್ನಿಲ್ಲ ಅಂತಾಯ್ತು. ಇನ್ನು ಯಾವ್ ಮೊಖ ಇಟ್ಕಂಡು ಕುರಿ ಕಾಯ್ಲಿ?"

ಹನ್ನೊಂದು ವರ್ಷದ ಮಂದೆ ಮೂರು ದಿನದಲ್ಲಿ ಕಸಾಯಿಖಾನೆಯ ಪಾಲಾಗುತ್ತದೆ. ಔಷಧ ಕುಡಿಸಿದರೆ ಬದುಕುವ ಕುರಿಗಳು ಅದರಲ್ಲಿದ್ದವು. ಆದರೆ ಸೋಂಕು ಎಲ್ಲಿಂದ ಬಂತೆಂದು ಹೇಳಲಾಗದ ಡಾಕ್ಟರು ಯಾವ ಬಾಯಲ್ಲಿ ಮಾರಬೇಡ ಎನ್ನಬೇಕು? ಆಕೆ ಸುಳ್ಳು ಹೇಳಿಲ್ಲ ಎಂದೇ ಇಟ್ಟುಕೊಂಡು ಮತ್ತೆ ಮೊದಲಿನಿಂದ ಯೋಚಿಸಿದೆ. ಆಗ ಅಜ್ಜಿಯ ಬಸವ ನೆನಪಾದ. ಅರೆ, ದನಗಳೂ ಫ್ಲೂಕನ್ನು ಹೊತ್ತು ತಿರುಗುತ್ತವೆ. ಊರೆಲ್ಲ ಅಲೆಯುವ ಬಸವ ಕೆರೆಯಲ್ಲಿ ಸೋಂಕು ಹತ್ತಿಸಿಕೊಂಡು ಬಂಡೆಗಳ ಮೇಲೆ ಸಗಣಿ ಹಾಕುತ್ತಿದ್ದರೆ? ಸರಿ, ಬಸವನ ಸಗಣಿ ಪರೀಕ್ಷೆ ಮಾಡಿಬಿಡೋಣ ಎಂದು ಡಬ್ಬಿ, ಕೈಗವಸು ಬ್ಯಾಗಿಗೆ ಹಾಕಿಕೊಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವನು ಬೇರೆ ಯಾರೂ ಅಲ್ಲ, ನಾನೇ.

ಸೋಮವಾರ ಸೂರ್ಯ ಹುಟ್ಟುವ ಮೊದಲೇ ಹೊಳೆಯ ಬಳಿ ಇದ್ದೆ. ಪುಟ್ಟಮಾದಮ್ಮ ಆಗಲೇ ಮಿಂದು, ಒದ್ದೆ ಸೀರೆಯಲ್ಲೇ ಒಂದು ಕಲ್ಲಿನ ಮೇಲೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ, ಬಯ್ಯಲೂ ಇಲ್ಲ.

"ಅಜ್ಜೀ, ನಿಮ್ಮ ಬಸವ ಇಲ್ಲಿಗೆ ಮೇಯೋಕೆ ಎಷ್ಟು ಹೊತ್ತಿಗೆ ಬರ್ತಾನೆ?" ಎಂದು ಕೇಳಿದೆ.

"ಬರೋದೇನು, ಇಲ್ಲೇ ಅವ್ನಲ್ಲ" ಎಂದರು.

ಸುತ್ತ ನೋಡಿದೆ. ಅಷ್ಟು ದೂರದವರೆಗೂ ಬಂಡೆ, ನೀರು, ಒಂದೆರಡು ಕೊಕ್ಕರೆ. "ಎಲ್ಲಿ?"

"ನಿನ್ ಕಾಲ್ತಾವ್ಲೇ."

ನಾನು ಇನ್ನೂ ಕತ್ತು ಹೊರಳಿಸಿ ಕೆಂಪು ಎತ್ತನ್ನು ಹುಡುಕುತ್ತಿದ್ದೆ. ಅಜ್ಜಿಗೆ ಆಗ ತಿಳಿಯಿತೆಂದು ಕಾಣುತ್ತದೆ. "ಅಯ್ಯೋ ಶಿವನೇ, ಗುಡಿ ಬಸವ ಅಂದ್ಕಂಡಾ?" ಎಂದು ಬಗ್ಗಿ, ಗುಂಡಿಯಂಚಿನ ಒದ್ದೆ ಕಲ್ಲಿನಿಂದ ಎರಡು ಬೆರಳಲ್ಲಿ ಏನನ್ನೋ ಮೆಲ್ಲಗೆ ಬಿಡಿಸಿ ನನ್ನ ಅಂಗೈಗೆ ಹಾಕಿದರು. "ಈ ಬಸವ ಕಣಪ್ಪಾ."

ಕಂದು ಬಣ್ಣದ, ಉಗುರಿನಷ್ಟು ತೆಳು ಚಿಪ್ಪಿನ, ಕಡಲೆಬೀಜದ ಗಾತ್ರದ ಬಸವನಹುಳು. ನಾನು ಹಲವು ವರ್ಷ ಸಭೆಗಳಲ್ಲಿ ಚಿತ್ರ ಬರೆದು ತೋರಿಸಿದ್ದ ಅದೇ ಜಾತಿ. ಕಲ್ಲಿನ ಕಡೆ ನೋಡಿದೆ. ಒಂದಲ್ಲ, ಎರಡಲ್ಲ. ಗುಂಡಿಯ ಅಂಚಿನ ಒದ್ದೆ ಕಲ್ಲಿನ ತುಂಬ ಅವೇ. ತಲೆ ತಗ್ಗಿಸಿ, ಅಕ್ಕಪಕ್ಕ ಕತ್ತು ಆಡಿಸುತ್ತ, ನಿಧಾನವಾಗಿ ಮುಂದಕ್ಕೆ ಸಾಗುತ್ತ ಪಾಚಿ ಮೇಯುತ್ತಿದ್ದವು. ನಿಜವಾಗಿಯೂ ಮೇಯುತ್ತಿದ್ದವು. ಅವು ಹಾದುಹೋದ ಕಡೆ ಹಸಿರು ಹೋಗಿ ಕಲ್ಲಿನ ಬಣ್ಣ ಕಾಣುತ್ತಿತ್ತು, ಅಂಕುಡೊಂಕಾದ ಸಾಲು ಸಾಲು ಗೆರೆಗಳು.

"ನೋಡು, ಎಂಗೆ ಉತ್ತವ್ನೆ" ಎಂದರು ಅಜ್ಜಿ, ಗೆರೆಗಳ ಮೇಲೆ ಬೆರಳಾಡಿಸುತ್ತ. "ಇಂಗೆ ಗೆರೆ ಕಂಡ್ರೆ ಆ ಕಲ್ತಾವ್ಲ ಉಲ್ನ ಕುರಿ ಮೇಯಬಾರ್ದು. ಮೇದ್ರೆ ಗದ್ದ ಇಳಿತದೆ. ಬಿಸ್ಲು ಬಂತು ಅಂದ್ರೆ ಎಲ್ಲ ಕಲ್ಲಡೀಕೆ ಓಗಿ ಮನೀಕತವೆ, ಒಂದೂ ಕಾಣಾಕಿಲ್ಲ."

ನಾನು ಬಂದಿದ್ದು ಮಧ್ಯಾಹ್ನ ಒಂದು ಗಂಟೆಗೆ. ಅವು ಕಲ್ಲಿನ ಅಡಿಯ ತಂಪಿನಲ್ಲಿ ಮಲಗಿದ್ದ ಹೊತ್ತು.

"ಮತ್ತೆ ಅವತ್ತೇ ಬಸವನಹುಳ ಅನ್ನಬಾರದಿತ್ತಾ ಅಜ್ಜೀ?" ಎಂದೆ. ನನ್ನ ದನಿ ನನಗೇ ಅಳುವ ಹಾಗೆ ಕೇಳಿಸಿತು.

ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಶಿವಶಿವಾ. ಬಸವನ್ನ ಉಳ ಅಂತಾರಾ? ನಮ್ಮ ಮನೇಲಿ ಅನ್ನಾಕಿಲ್ಲ. ನೀನೂ ಈ ಸೀಮೆಯವ್ನೇ ಅಲ್ವಾ, ಕೇಳಿದ್ರೆ ಯೋಳ್ತಿದ್ದೆ. ನೀನು ನಕ್ಬುಟ್ಟೆ."

ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ. ಆ ಹೆಂಗಸಿನ ಮಾತಿನಲ್ಲಿ ಇದ್ದದ್ದು ಮೂಢನಂಬಿಕೆಯಲ್ಲ, ಕಣ್ಣಾರೆ ಕಂಡ ಸತ್ಯ. ಅವರ ಅತ್ತೆಯ ಕಾಲದಿಂದ ಕಂಡು, ಪರೀಕ್ಷಿಸಿ, ಒಂದು ವಾಕ್ಯದಲ್ಲಿ ಕಟ್ಟಿಟ್ಟ ಮಾತು. ಭಕ್ತಿಗಾಗಿ ಅವರು ಒಂದೇ ಒಂದು ಪದ ಬಿಟ್ಟಿದ್ದರು. ಆ ಒಂದು ಪದವನ್ನು ಕೇಳಿ ತಿಳಿದುಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಆರೇಳು ಹುಳುಗಳನ್ನು ಡಬ್ಬಿಗೆ ಹಾಕಿಕೊಂಡೆ. "ಸಾಯಿಸ್ಬ್ಯಾಡ" ಎಂದರು, "ಇಲ್ಲ" ಎಂದೆ. ಆಸ್ಪತ್ರೆಗೆ ಬಂದು ಗಾಜಿನ ಲೋಟದಲ್ಲಿ ನೀರು ಹಾಕಿ ಬಿಟ್ಟು, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಒಂದು ಹುಳು ಲೋಟದ ಗೋಡೆ ಹತ್ತಿತು. ಗಾಜಿನ ಈಚೆಯಿಂದ ಭೂತಗನ್ನಡಿ ಹಿಡಿದು ಅದರ ಬಾಯಿ ನೋಡಿದೆ. ಬಾಯಿ ತೆರೆಯುತ್ತದೆ, ಒಳಗಿನಿಂದ ನಾಲಿಗೆಯಂಥ ಒಂದು ಪಟ್ಟಿ ಬಂದು ಗಾಜನ್ನು ನೆಕ್ಕಿದ ಹಾಗೆ ಉಜ್ಜಿ ಒಳಗೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ. ಆ ಪಟ್ಟಿಗೆ ರ್‍ಯಾಡುಲಾ ಎಂದು ಹೆಸರು. ಅದರ ಮೇಲೆ ಬಡಗಿಯ ಅರದ ಹಾಗೆ ಸಾಲು ಸಾಲು ಸಣ್ಣ ಹಲ್ಲುಗಳಿರುತ್ತವೆ. ಅದರಿಂದ ಕಲ್ಲಿಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನುತ್ತದೆ. ಸಮುದ್ರದ ಬಂಡೆಗಳ ಮೇಲಿನ ಚಿಪ್ಪುಜೀವಿಗಳಲ್ಲೂ ಎಷ್ಟೋ ಜಾತಿಗಳು ಹೀಗೆಯೇ ಕಡಲಪಾಚಿ ಮೇಯುತ್ತವೆ ಎಂದು ಆಮೇಲೆ ಓದಿ ತಿಳಿದೆ. ಕೆಸರಾದರೇನು, ಕಲ್ಲಾದರೇನು, ನಿಂತ ನೀರು ಮತ್ತು ಪಾಚಿ ಇದ್ದ ಕಡೆ ಅದಕ್ಕೆ ಊಟವಿದೆ. ಅಲ್ಲಿ ಊರಿನ ದನ ಎಮ್ಮೆ ಮಧ್ಯಾಹ್ನ ನೀರು ಕುಡಿದು ಸಗಣಿ ಹಾಕಿದರೆ ಪಾಚಿಗೆ ಗೊಬ್ಬರವೂ ಆಯಿತು, ಫ್ಲೂಕಿನ ಮೊಟ್ಟೆಯೂ ಬಂದಿತು. ಮಧ್ಯಾಹ್ನದ ಹೊತ್ತಿಗೆ ಲೋಟದ ಒಂದು ತೊಟ್ಟು ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಾಲ ಬಡಿಯುವ ಮರಿಗಳು ಕಂಡವು. ಇನ್ನು ಅನುಮಾನವಿರಲಿಲ್ಲ. ಆ ಬಸವಗಳನ್ನು ನಾನು ಹೊಳೆಗೆ ವಾಪಸು ಬಿಡಲಿಲ್ಲ, ಅದನ್ನು ಅಜ್ಜಿಗೆ ಹೇಳಲೂ ಇಲ್ಲ.

ಮಂಗಳವಾರ ಔಷಧ ಕೈಗೆ ಬಂದ ತಕ್ಷಣ ಊರಿಗೆ ಹೋದೆ. ಅಷ್ಟರಲ್ಲಿ ಇನ್ನೆರಡು ಸತ್ತು ಇಪ್ಪತ್ತೆಂಟು ಉಳಿದಿದ್ದವು. ಶನಿವಾರ ನಾನು ಬೈಯುವಾಗ ಯಾರು ಯಾರು ಇದ್ದರೋ ಅವರನ್ನೆಲ್ಲ ನಂಜುಂಡಯ್ಯನವರಿಂದ ಕರೆಸಿದೆ. ಅದೇ ಹುಣಿಸೆಮರದ ಕೆಳಗೆ ನಿಂತು ಹೇಳಿದೆ: "ಶಿವಮ್ಮ ಕೆರೆಗೆ ಬಿಟ್ಟಿಲ್ಲ. ಸುಳ್ಳೂ ಹೇಳಿಲ್ಲ. ನಾನು ಹೇಳಿದ ಜಾಗದಲ್ಲೇ ಮೇಯಿಸಿದ್ದಾಳೆ. ನಾನು ಹೇಳಿದ್ದೇ ತಪ್ಪು. ಇವರತ್ತೆ ಸರಿಯಾಗಿಯೇ ಹೇಳಿದ್ದರು, ನನಗೆ ಅರ್ಥವಾಗಲಿಲ್ಲ." ಹೇಳುವಾಗ ನನ್ನ ಕಿವಿ ಬಿಸಿಯಾಗಿದ್ದು ಇನ್ನೂ ನೆನಪಿದೆ. ಸರ್ಕಾರಿ ನೌಕರಿಯಲ್ಲಿ ನಾನು ಅಷ್ಟು ಜನರ ಮುಂದೆ ತಪ್ಪೊಪ್ಪಿಕೊಂಡದ್ದು ಅದೊಂದೇ ಸಲ.

ಶಿವಮ್ಮ ಬೆನ್ನು ತಿರುಗಿಸಿ ಕೊಟ್ಟಿಗೆಯ ಒಳಗೆ ಹೋದಳು. ಮಾರುವ ತೀರ್ಮಾನ ಬದಲಾಗಲಿಲ್ಲ ಎಂದುಕೊಂಡೆ. ಹಿಂದೆಯೇ ಪುಟ್ಟಮಾದಮ್ಮ ಕೋಲೂರಿಕೊಂಡು ಬಾಗಿಲಿಗೆ ಹೋಗಿ ನಿಂತರು.

"ಶಿವೀ, ಡಾಕ್ಟ್ರಪ್ಪ ತಪ್ಪು ಅಂದವ್ನೆ. ಗಂಡಸು ಅಷ್ಟ್ ಅಂದ್ಮೇಲೆ ಇನ್ನೇನದೆ? ಕುರಿ ಇಡ್ಕಂಡ್ ಬಾ. ವ್ಯಾಪಾರ್ದವ್ನು ಬಂದ್ರೆ ನಾನ್ ಮಾತಾಡ್ತೀನಿ."

ಆಮೇಲೆ ಒಂದು ಕುರಿಯ ಕೊರಳು ತಬ್ಬಿ ಹಿಡಿದು ಶಿವಮ್ಮ ಹೊರಗೆ ಬಂದಳು. ಆಗ ಅಳುತ್ತಿದ್ದಳು. ಶನಿವಾರದಿಂದ ತಡೆದಿಟ್ಟಿದ್ದ ಅಳು. ಆಕೆ ಒಂದೊಂದಾಗಿ ಹಿಡಿದಳು, ನಂಜುಂಡಯ್ಯ ತ್ರಾಸಿನಲ್ಲಿ ತೂಗಿದರು, ನಾನು ತೂಕಕ್ಕೆ ತಕ್ಕಷ್ಟು ಔಷಧವನ್ನು ಸೂಜಿ ತೆಗೆದ ಸಿರಿಂಜಿನಿಂದ ಕುಡಿಸಿದೆ. ಇಪ್ಪತ್ತೆಂಟೂ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಆ ವಾರ ಇನ್ನೂ ನಾಲ್ಕು ಸತ್ತವು. ಅವುಗಳ ಲಿವರ್ ಆಗಲೇ ಕೆಟ್ಟುಹೋಗಿತ್ತು. ಇಪ್ಪತ್ತನಾಲ್ಕು ಉಳಿದವು. ಯುಗಾದಿಯವರೆಗೂ ಅವುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಹಿಪ್ಪುನೇರಳೆ ಸೊಪ್ಪು, ಕಬ್ಬಿನ ಸೋಗೆ ಹಾಕಿ ಸಾಕಿದಳು. ಕುಮಾರ ಆಟೊದಲ್ಲಿ ದಿನಾ ಒಂದು ಹೊರೆ ಸೊಪ್ಪು ತಂದು ಹಾಕುತ್ತಿದ್ದ. ಎರಡನೆಯ ಸಲ ಔಷಧ ಕುಡಿಸಲು ಹೋದಾಗ ಮೂರು ಹೊಸ ಮರಿಗಳಿದ್ದವು. ಒಂದಕ್ಕೆ ರಾಣಿ ಎಂದೇ ಹೆಸರಿಟ್ಟಿದ್ದಳು.

ಗುಂಡಿಗಳಿಗೆ ಮೈಲುತುತ್ತ ಸುರಿದು ಹುಳುಗಳನ್ನು ಕೊಂದುಬಿಡೋಣ ಎಂದು ನಾನು ಒಂದು ಸಲ ಅಂದೆ. ಪುಸ್ತಕದಲ್ಲಿ ಹಾಗೆಯೇ ಇತ್ತು. ಪುಟ್ಟಮಾದಮ್ಮ ಒಪ್ಪಲಿಲ್ಲ. "ಅದ್ರ ಮೇವು ಅದು ಮೇಯ್ತದೆ, ಅದೇನ್ ನಿನ್ ಕೊಟ್ಗೆಗ್ ಬಂದಿತ್ತಾ? ನೀನೇ ಅದ್ರ ಜಾಗಕ್ ಕುರಿ ಕಳ್ಸಿ ಅದ್ನೇ ಸಾಯಿಸ್ತೀಯಾ?" ಎಂದರು. ಅದೇ ನೀರಿನಲ್ಲಿ ಮೀನಿದೆ, ಅದನ್ನೇ ಕೆಳಗಿನ ಊರುಗಳ ದನ ಕುಡಿಯುತ್ತವೆ ಎಂಬುದು ನನಗೂ ತಿಳಿದಿತ್ತು. ಈ ಸಲ ನಗಲಿಲ್ಲ, ಆ ಯೋಚನೆ ಬಿಟ್ಟೆ. ಹೊಳೆ ಇಳಿದ ಮೇಲೆ ನಸುಕಿನಲ್ಲಿ ಹೋಗಿ ಕಲ್ಲು ನೋಡುವುದು, ಗುಂಡಿ ಬತ್ತಿ, ಪಾಚಿ ಒಣಗಿ, ಗೆರೆ ಅಳಿಸಿ, ಹುಲ್ಲು ಬಿಸಿಲಿಗೆ ಚೆನ್ನಾಗಿ ಬೇಯುವವರೆಗೂ ಕುರಿ ಬಿಡದಿರುವುದು ಎಂದು ನಾವು ಮೂವರೂ ಗೊತ್ತು ಮಾಡಿಕೊಂಡೆವು. ಸುತ್ತಲಿನ ಊರುಗಳ ಸಭೆಗಳಲ್ಲಿ ಆಮೇಲೆ ನಾನು ಇದನ್ನೇ ಹೇಳಿದೆ. ಮುಳ್ಳೂರಿನ ಒಬ್ಬ ರೈತ, "ಇದ್ ನಮ್ಗೂ ಗೊತ್ತಿತ್ತಲ್ಲ ಸಾ" ಎಂದ. ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ನೀವ್ ಕೇಳ್ನಿಲ್ವಲ್ಲ" ಎಂದ.

ರಿಜಿಸ್ಟರಿನ "ಕಾರಣ" ಎಂಬ ಕಾಲಂನಲ್ಲಿ ತೀವ್ರ ಲಿವರ್ ಫ್ಲೂಕ್ ಎಂದು ಬರೆದೆ. ಷರಾ ಕಾಲಂನಲ್ಲಿ ಇನ್ನೂ ಒಂದು ಸಾಲು ಸೇರಿಸಿದೆ: "ಮನೆಯ ಹಿರಿಯರು ಮುಂಚೆಯೇ ಎಚ್ಚರಿಸಿದ್ದರು. ವೈದ್ಯರು ವಿಚಾರಿಸಲಿಲ್ಲ." ಅದನ್ನು ಮೇಲಿನವರು ಯಾರೂ ಓದಿದ ಹಾಗೆ ಕಾಣಲಿಲ್ಲ, ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ ಪಾಠ ಆ ಒಂದು ಸಾಲಿನಲ್ಲಿದೆ. ಗೊತ್ತಿಲ್ಲದ ಮಾತು ಬಂದರೆ ಯಾರೇ ಆದರೂ ಅರ್ಥ ಕೇಳುತ್ತಾರೆ. ಗೊತ್ತಿರುವ ಮಾತು ಬಂದಾಗಲೇ ಕೇಳಬೇಕಾದದ್ದು. ನಮ್ಮದೇ ಸೀಮೆ, ನಮ್ಮದೇ ಭಾಷೆ, ಬಸವ ಎಂದರೆ ನನಗೆ ಗೊತ್ತಿಲ್ಲವೇ ಎಂದುಕೊಂಡಿದ್ದೆ.

ನಿವೃತ್ತನಾಗಿ ಯಳಂದೂರಿಗೆ ಬಂದು ನೆಲೆಸಿದ ಮೇಲೆ, ಈ ಸಲದ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಶಿವಮ್ಮನ ಫೋನು ಬಂತು. ಈಗ ಕುರಿ ಮೂವತ್ತಾರಾಗಿವೆಯಂತೆ.

"ಅತ್ತೆ ಹೇಗಿದ್ದಾರಮ್ಮಾ?" ಎಂದೆ.

"ಅತ್ತೆ ಓಗಿ ಮೂರ್ ತಿಂಗ್ಳಾಯ್ತು ಸಾ. ನಿಮ್ಗೆ ತಿಳಿಸವಾ ಅಂದ್ಕಂಡೆ, ಆಗ್ನಿಲ್ಲ."

ಒದ್ದೆ ಸೀರೆಯಲ್ಲಿ ಕಲ್ಲಿನ ಮೇಲೆ ಕೂತಿದ್ದ ಅಜ್ಜಿ ಕಣ್ಣಿಗೆ ಕಟ್ಟಿದರು. ಶಿವಮ್ಮನೇ ಮಾತು ಮುಂದುವರಿಸಿ, "ಒಳೆ ಇಳೀತು ಸಾ. ಬಂಡೇಲಿ ಗರಿಕೆ ಚೆಂದಾಗ್ ಬಂದದೆ" ಎಂದಳು.

ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. "ಬೆಳಿಗ್ಗೆ ಕಲ್ಲು ನೋಡ್ಕೊಂಡು ಬಂದ್ಯಾ?" ಎಂದು ಕೇಳಿದೆ.

"ಊಂ ಸಾ. ಸ್ವಾಮಾರ ಸ್ವಾಮಾರ ನಾನೇ ಮೀಯಕ್ ಓಯ್ತೀನಲ್ಲ ಈಗ, ಅತ್ತೆ ಓಯ್ತಿದ್ದಂಗೆ."

"ಏನಂತಾನೆ ಬಸವ?"

"ಇನ್ನೂ ಮೇಯ್ತಾವ್ನೆ ಸಾ."

"ಮತ್ತೆ ಕುರಿ?"

"ಕೊಟ್ಗೇಲೇ ಅವೆ" ಎಂದಳು ಶಿವಮ್ಮ. "ನಿಮ್ನ ಕೇಳಾಕಲ್ಲ ಸಾ ಪೋನ್ ಮಾಡಿದ್ದು. ಯೋಳಾಕೆ."